ಬಿಳಿ ತಟ್ಟೆಯ ಹತ್ತು ನಿಮಿಷ

ಹುಳಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಒಂದೇ: ಕಂಡರೆ ಹೊಸಕಬೇಕು. ಗೋಧಿಯ ಡಬ್ಬಿಯಲ್ಲಿ ಕಂಡದ್ದೂ ಹುಳ, ಹಿಟ್ಟಿನ ಡಬ್ಬಿಯಲ್ಲಿ ಕಂಡದ್ದೂ ಹುಳ. ಎರಡಕ್ಕೂ ಒಂದೇ ಬೈಗುಳ, ಒಂದೇ ಹೆಬ್ಬೆರಳು. ಜರಡಿಯಮ್ಮನಿಗೆ ಹಾಗೆ ಮಾಡಿ ಪೂರೈಸುತ್ತಿರಲಿಲ್ಲ. ಈ ಹುಳ ಬೇರೆ, ಆ ಹುಳ ಬೇರೆ ಎಂದು ಹೇಳುವುದರ ಮೇಲೆಯೇ ಅವಳ ಹೊಟ್ಟೆಪಾಡು ನಡೆಯುತ್ತಿತ್ತು.

ಜರಡಿಯಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಗೋದಾಮಿನವರು ಇಟ್ಟದ್ದು. ಗೋಧಿ ತುಂಬುವ ದೊಡ್ಡ ಗೋದಾಮು, ಅದಕ್ಕೆ ಅಂಟಿಕೊಂಡಂತೆ ಹಿಟ್ಟಿನ ಗಿರಣಿ, ಎರಡರ ನಡುವೆ ಒಂದು ಕಬ್ಬಿಣದ ಬಾಗಿಲು. ಗೋದಾಮಿನ ಮೂಲೆಯಲ್ಲಿ ಪರೀಕ್ಷೆಯ ಕೋಣೆ. ಗೇಟಿನ ಮುಂದೆ ಕಾರಂಜಿ ಕಟ್ಟಿಸಿದ್ದ ಕಂಪನಿ ಈ ಕೋಣೆಗೆ ಒಂದು ಫ್ಯಾನ್ ಹಾಕಿಸಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಅದೂ ಹಿಟ್ಟಿನ ಗಿರಣಿಯವರಿಗೆ. ಒಂದು ಕಿಟಕಿ, ಒಂದು ಸ್ಟೀಲ್ ಮೇಜು, ಕತ್ತು ಬಗ್ಗಿಸಿದ ದೀಪ, ಒಂದರೊಳಗೊಂದು ಕೂರುವ ಐದು ಹಿತ್ತಾಳೆ ಜರಡಿ, ಅಂಚಿನಲ್ಲಿ ಸ್ವಲ್ಪ ಚಕ್ಕೆ ಎದ್ದ ಬಿಳಿ ತಟ್ಟೆ. ಇಪ್ಪತ್ತಮೂರು ವರ್ಷ ಅವಳು ಕೂತದ್ದು ಈ ಮೇಜಿನ ಮುಂದೆ.

ಕೆಲಸ ಹೇಳಲಿಕ್ಕೆ ಸುಲಭ. ಉದ್ದನೆಯ ಟೊಳ್ಳು ಸೂಜಿಯನ್ನು ಮೂಟೆಗೆ ಚುಚ್ಚಿ ಕಾಳು ಎಳೆಯಬೇಕು, ಜರಡಿ ಹಿಡಿಯಬೇಕು, ಕೆಳಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ದೀಪದ ಕೆಳಗಿಡಬೇಕು. ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಹತ್ತು ನಿಮಿಷವಾದ ಮೇಲೆ ಎಣಿಸಿ ಫಾರಂ ತುಂಬಬೇಕು. ಜೀವಂತ ಹುಳ ಇದೆಯೋ ಇಲ್ಲವೋ, ಇದ್ದರೆ ಯಾವ ಬಗೆ. ಕೊನೆಗೆ ಆ ಕಾಳನ್ನೂ ಹುಳವನ್ನೂ ಹಾಗೇ ಒಂದು ಸೀಸೆಗೆ ಹಾಕಿ, ಬಾಯಿಗೆ ಗಾಳಿಯಾಡುವಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಗಂಟಿಗೆ ಅರಗಿನ ಮುದ್ರೆ ಒತ್ತಿ, ಚೀಟಿ ಅಂಟಿಸಿ ಕಪಾಟಿಗೆ ಸೇರಿಸಬೇಕು. ಒಂದು ವರ್ಷ ಅದು ಸಾಕ್ಷಿಯಾಗಿ ಅಲ್ಲಿರುತ್ತದೆ. ವರ್ಷ ತುಂಬಿದ ಸೀಸೆಗಳನ್ನು ಪ್ರತಿ ಶನಿವಾರ ಬಾಯ್ಲರಿನ ಒಲೆಗೆ ಸುರಿಯುವವಳೂ ಅವಳೇ.

ಆ ಹತ್ತು ನಿಮಿಷ ಯಾಕೆ ಎಂದು ಅವಳಿಗೆ ಕಲಿಸಿದವನು ಹಿಂದಿನ ಪರೀಕ್ಷಕ. ಮಾತು ಕಡಿಮೆಯ ಮುದುಕ. "ಸತ್ತಿದೆಯೋ ಇಲ್ವೋ ಅಂತ ಕಣ್ಣು ಹೇಳಲ್ಲ ಮಗಳೇ, ಗಡಿಯಾರ ಹೇಳುತ್ತೆ," ಎಂದಿದ್ದ. ಕಾರಣ ಮೂತಿಹುಳ.

ಮೂತಿಹುಳಕ್ಕೆ ಮುಖದ ಮುಂದೆ ಸೊಂಡಿಲಿನಂಥ ಮೂತಿ. ಎಳ್ಳಿಗಿಂತ ಸ್ವಲ್ಪ ದೊಡ್ಡದು, ಕಪ್ಪುಗಂದು. ತಾಯಿಹುಳ ಗಟ್ಟಿ ಕಾಳನ್ನು ಆ ಮೂತಿಯಿಂದ ಕೊರೆದು ಒಳಗೆ ಒಂದೇ ಒಂದು ಮೊಟ್ಟೆ ಇಟ್ಟು, ತೂತಿಗೆ ತನ್ನದೇ ಅಂಟಿನ ಬಿರಡೆ ಮೆತ್ತಿ ಹೊರಟುಹೋಗುತ್ತದೆ. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಕಾಳು ಕಾಳಿನ ಹಾಗೇ ಇರುತ್ತದೆ, ಒಳಗೆ ಮಾತ್ರ ಏನೂ ಉಳಿದಿರುವುದಿಲ್ಲ. ಇನ್ನು ಹೊರಬಂದ ಹುಳವನ್ನು ಸ್ವಲ್ಪ ಅಲುಗಿಸಿದರೆ ಸಾಕು, ಕಾಲು ಮಡಚಿ ಬೋರಲು ಬಿದ್ದು ಸತ್ತ ಹಾಗೆ ನಟಿಸುತ್ತದೆ. ನಾಟಕದ ಕಂಪನಿಯಲ್ಲಿ ಇಂಥ ಹೆಣ ಸಿಗುವುದಿಲ್ಲ. ದೀಪದ ಶಾಖ ತಾಗಿ, ಅಪಾಯ ಹೋಯಿತು ಎಂದು ಅದಕ್ಕೆ ನಂಬಿಕೆ ಬಂದ ಮೇಲೆಯೇ ಒಂದು ಕಾಲು ಬಿಚ್ಚುತ್ತದೆ.

ಹಿಟ್ಟುಹುಳದ್ದು ಬೇರೆಯೇ ಜಾಯಮಾನ. ಕೆಂಪಗೆ, ಚಪ್ಪಟೆಯಾಗಿ, ಸೋಪಿನ ಚೂರಿನ ಹಾಗೆ ನುಣುಪು. ಗಟ್ಟಿ ಕಾಳನ್ನು ಕಚ್ಚುವ ತಾಕತ್ತು ಅದರ ಹಲ್ಲಿಗಿಲ್ಲ. ಒಡೆದ ನುಚ್ಚು, ಹಿಟ್ಟು, ಯಂತ್ರದ ಸಂದಿಯ ದೂಳು, ಇಷ್ಟೇ ಅದರ ಲೋಕ. ನಟನೆ ಗೊತ್ತಿಲ್ಲ. ಮುಟ್ಟಿದರೆ ಓಡುತ್ತದೆ, ಮುಟ್ಟದಿದ್ದರೂ ಓಡುತ್ತದೆ. ಸಂಸಾರ ಜಾಸ್ತಿಯಾಗಿ ಜಾಗ ಸಾಲದಾದರೆ ತನ್ನ ಮೊಟ್ಟೆಯನ್ನು ತಾನೇ ತಿನ್ನುತ್ತದೆ, ಹಿಟ್ಟಿಗೆ ಕಮಟು ವಾಸನೆ ಹತ್ತಿಸುತ್ತದೆ.

ಒಂದು ಒಳಗಿನದು, ಒಂದು ಹೊರಗಿನದು. ಗೋದಾಮಿನಲ್ಲಿ ಮೂತಿಹುಳ ಎದ್ದರೆ ಅದು ಕಾಳಿನ ಹೊಟ್ಟೆಯಿಂದಲೇ ಎದ್ದದ್ದು, ಗ್ಯಾಸ್ ಸಾಲದೆ ಉಳಿದದ್ದು ಅಥವಾ ಪರೀಕ್ಷೆಯವರ ಕಣ್ಣು ತಪ್ಪಿಸಿದ್ದು. ಹಿಟ್ಟುಹುಳ ಎದ್ದರೆ ಪಕ್ಕದ ಗಿರಣಿಯಿಂದ ಬಾಗಿಲ ಸಂದಿಯಲ್ಲಿ ನುಸುಳಿ ಬಂದದ್ದು. ಆ ಫಾರಮಿನಲ್ಲಿ ಹುಳದ ಹೆಸರು ಬರೆಯುವುದೂ ತಪ್ಪಿತಸ್ಥನ ಹೆಸರು ಬರೆಯುವುದೂ ಒಂದೇ ಆಗಿತ್ತು. "ಜರಡಿಯಮ್ಮ ಎಲ್ಲರ ತಲೆಗೂ ಹುಳ ಬಿಡ್ತಾಳೆ," ಎಂದು ಗೇಟಿನ ಕಾವಲಿನವನು ತಮಾಷೆ ಮಾಡುತ್ತಿದ್ದ.

ಅವಳ ಗಂಡ ಅದೇ ಗೋದಾಮಿನಲ್ಲಿ ಗ್ಯಾಸಿನ ಮೇಸ್ತ್ರಿ. ಮೂಟೆಗಳ ರಾಶಿಗೆ ದಪ್ಪ ಹಾಳೆ ಹೊದಿಸಿ, ಒಳಗೆ ವಿಷದ ಮಾತ್ರೆ ಇಟ್ಟು, ಏಳು ದಿನ ಮುಚ್ಚಿಡುವುದು ಅವನ ಕೆಲಸ. ಹಾಳೆಯ ಅಂಚಿಗೂ ಬಾಗಿಲ ಸಂದಿಗೂ ಟೇಪು ಅಂಟಿಸುವವನು ಅವನ ಜೊತೆಗಾರ, ಎಲ್ಲರ ಬಾಯಲ್ಲಿ ಅಂಟಣ್ಣ. ಇಬ್ಬರದೂ ಇಪ್ಪತ್ತು ವರ್ಷದ ಜೋಡಿ. ಅಂಟಣ್ಣ ಟೇಪು ಎಳೆದ ಮೇಲೆ ನಾಲಿಗೆಯ ತುದಿಯನ್ನು ಹಲ್ಲಿನ ಮಧ್ಯೆ ಹಿಡಿದು, ಸಂದಿಯ ಉದ್ದಕ್ಕೂ ಹೆಬ್ಬೆರಳು ಆಡಿಸುತ್ತಿದ್ದ. ಎಲ್ಲಿ ಗಾಳಿ ಸೋರುತ್ತದೆಂದು ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.

ಮನೆಯಲ್ಲಿದ್ದವರು ಗಂಡ, ಹೆಂಡತಿ, ಅತ್ತೆ. ಮಕ್ಕಳಾಗಲಿಲ್ಲ. ಅತ್ತೆಯ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ಸ್ವಲ್ಪ ಚಿಕ್ಕದು, ಆದರೆ ಕೆಟ್ಟದ್ದಲ್ಲ. ಸೊಸೆಯಿಂದ ಎರಡು ಹುಳದ ಕಥೆ ಕೇಳಿದ ದಿನವೇ ತೀರ್ಪು ಕೊಟ್ಟುಬಿಟ್ಟಿದ್ದಳು: "ನಮ್ಮನೇಲಿ ಎರಡೂ ಇವೆ ಬಿಡು. ನನ್ನ ಮಗ ಹಿಟ್ಟುಹುಳ, ಕೂತಲ್ಲಿ ಕೂರಲ್ಲ. ನೀನು ಮೂತಿಹುಳ, ಒಂದು ಮಾತಂದ್ರೆ ಸತ್ತ ಹಾಗೆ ಬಿದ್ದಿರ್ತೀಯ." ಮೂವರೂ ನಕ್ಕಿದ್ದರು. ಆ ಮನೆಯಲ್ಲಿ ನಗುವುದಕ್ಕೆ ಕಷ್ಟವೇನೂ ಇರಲಿಲ್ಲ.

ಈಗ ಗಂಡ ಹೋಗಿ ಹನ್ನೊಂದು ತಿಂಗಳು.

ಎರಡು ವಾರ ಮನೆಯಲ್ಲಿದ್ದು ಕೆಲಸಕ್ಕೆ ಬಂದಾಗ ಎಲ್ಲರೂ "ಗಟ್ಟಿ ಹೆಂಗಸು" ಎಂದರು. ಅವಳು ಅಳಲಿಲ್ಲ. ಅಳಬಾರದೆಂದು ಹಟವೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ. ಕಾಫಿ ಕುಡಿಯುವಾಗ ಬಿಸಿ ತಿಳಿಯುತ್ತಿರಲಿಲ್ಲ, ಮಾರನೆಯ ದಿನ ನಾಲಿಗೆಯ ಸಿಪ್ಪೆ ಏಳುವಾಗ ಓಹೋ ನಿನ್ನೆ ಸುಟ್ಟಿತ್ತು ಎಂದು ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಅವರೇ ನಾಚಿ ಕ್ಷಮೆ ಕೇಳಬೇಕು, ಇವಳು ಕಿಟಕಿಯ ಹೊರಗೆ ನೋಡುತ್ತಿರುತ್ತಿದ್ದಳು. ಊಟ ಮಾಡುತ್ತಿದ್ದಳು, ನಿದ್ದೆಯೂ ಬರುತ್ತಿತ್ತು. ಅದನ್ನು ದುಃಖ ಎಂದು ಕರೆಯಲು ಅವಳಿಗೇ ಧೈರ್ಯವಿರಲಿಲ್ಲ. ದುಃಖ ಪಡಲಿಕ್ಕೂ ಒಂದು ಹಕ್ಕು ಬೇಕು, ತನಗೆ ಅದಿಲ್ಲ ಎಂದು ಅವಳ ಲೆಕ್ಕ.

ಯಾಕೆಂದರೆ ಕಪಾಟಿನ ಮೂರನೆಯ ಸಾಲಿನಲ್ಲಿ, ಅವಳ ಭುಜದ ಎತ್ತರಕ್ಕೆ, ಒಂದು ಸೀಸೆ ಇತ್ತು.

ಆ ಸೀಸೆಗೆ ಮುದ್ರೆ ಬಿದ್ದ ವಾರ ವಿಪರೀತ ಚಳಿ. ಏಳು ದಿನದ ಗ್ಯಾಸು ಮುಗಿದು ಹಾಳೆ ತೆಗೆದಿದ್ದರು. ಚಳಿಯಲ್ಲಿ ವಿಷ ನಿಧಾನ, ಕಾಳಿನ ಒಳಗೆ ಗೂಡು ಕಟ್ಟಿ ಮಲಗಿದ ಮರಿಗೆ ಬೇಗ ತಟ್ಟುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ಪರೀಕ್ಷೆ ಇರುವುದೇ ಅದಕ್ಕೆ. ಜೀವಂತ ಹುಳ ಇದೆ ಎಂದು ಬರೆದರೆ ಮಾರನೆಯ ದಿನವೇ ಅದೇ ಹಾಳೆ ಎಳೆದು, ಬದಿಯಿಂದ ನಾಲ್ಕು ಮಾತ್ರೆ ತಳ್ಳಿ ಮೂರು ದಿನ ಹೆಚ್ಚಿಗೆ ಮುಚ್ಚಿಟ್ಟರೆ ಮುಗಿಯಿತು. ಯಾರೂ ರಾಶಿ ಹತ್ತಬೇಕಾಗಿಲ್ಲ.

ಸಂಜೆ ಐದಕ್ಕೆ ಹತ್ತು ನಿಮಿಷವಿತ್ತು. ಅವಳ ಬಿಳಿ ತಟ್ಟೆಯಲ್ಲಿ ನಾಲ್ಕು ಮೂತಿಹುಳ, ನಾಲ್ಕೂ ಕಾಲು ಮಡಚಿ ಬಿದ್ದಿದ್ದವು. ದೀಪ ಹಾಕಿದಳು. ಆಗ ಗೇಟಿನಿಂದ ಸ್ಕೂಟರಿನ ಹಾರನ್ ಕೇಳಿತು, ಎರಡು ಸಲ. ಗಂಡನ ಕನ್ನಡಕದ ಕಡ್ಡಿ ಮುರಿದು ವಾರವಾಗಿತ್ತು, ಅಂಟಣ್ಣನ ಟೇಪು ಸುತ್ತಿಕೊಂಡು ಓಡಾಡುತ್ತಿದ್ದ. ಆವತ್ತು ಇಬ್ಬರೂ ಹೋಗಿ ಹೊಸದು ಕೊಳ್ಳುವುದೆಂದು ಮಾತಾಗಿತ್ತು. ಅವಳು ಗಡಿಯಾರ ನೋಡಿದಳು, ತಟ್ಟೆ ನೋಡಿದಳು. ಇಪ್ಪತ್ತೆರಡು ವರ್ಷದ ಅನುಭವ, ಸತ್ತ ಹುಳ ನೋಡಿದರೆ ಗೊತ್ತಾಗುವುದಿಲ್ಲವೇ ಎಂದುಕೊಂಡಳು. ಜೀವಂತ ಹುಳ ಇಲ್ಲ ಎಂದು ಬರೆದು, ಎಲ್ಲವನ್ನೂ ಸೀಸೆಗೆ ಸುರಿದು, ಮುದ್ರೆ ಒತ್ತಿ, ಕೈಚೀಲ ಹಿಡಿದು ಓಡಿದಳು.

ಅಂಗಡಿಯಲ್ಲಿ ನೋಡಿದರೆ ಮಾಲೀಕ ಚಹಾಕ್ಕೆ ಹೋಗಿದ್ದ. ನಲವತ್ತು ನಿಮಿಷ ಕೂತರು. ಗಂಡ ಸಿಕ್ಕಿದ ಕನ್ನಡಕವನ್ನೆಲ್ಲ ಹಾಕಿಕೊಂಡು ಕನ್ನಡಿ ನೋಡಿದ. "ಹೇಗಿದೀನಿ? ಬ್ಯಾಂಕ್ ಮ್ಯಾನೇಜರ್ ಥರ?" ಎಂದು ಕೇಳಿದ. "ಬ್ಯಾಂಕ್ ದೋಚೋಕೆ ಬಂದವನ ಥರ," ಎಂದಿದ್ದಳು.

ಆ ಸಂಜೆಯಾದ ಇಪ್ಪತ್ತೈದನೆಯ ದಿನ ಅದೇ ರಾಶಿಯ ಮೂಟೆಗಳ ಮೇಲೆ ಹುಳ ಹರಿದಾಡುತ್ತಿವೆ ಎಂದು ಸುದ್ದಿ ಬಂತು. ಸೂಜಿ ಹಾಕಿ ಎಳೆದಳು, ಜರಡಿ ಹಿಡಿದಳು. ತಟ್ಟೆಯ ಮೇಲೆ ಮೂವತ್ತರಷ್ಟು ಮೂತಿಹುಳ, ಮೂರು ಹಿಟ್ಟುಹುಳ. ಗಿರಣಿಯ ಪಕ್ಕದಲ್ಲಿ ಮೂರು ಹಿಟ್ಟುಹುಳ ಯಾವ ಕಾಲಕ್ಕೂ ಇದ್ದದ್ದೇ. ಆ ಮೂವತ್ತನ್ನು ನೋಡಿ ಅವಳ ಕಣ್ಣು ಕಪಾಟಿನ ಮೂರನೆಯ ಸಾಲಿಗೆ ಹೋಯಿತು. ಮೂತಿಹುಳ ಎಂದು ಬರೆದರೆ ಯಾರಾದರೂ ಕಪಾಟಿನ ಸೀಸೆ ಕೇಳುತ್ತಾರೆ. ಬಗೆ ಎಂಬ ಜಾಗದಲ್ಲಿ ಹಿಟ್ಟುಹುಳ ಎಂದು ಬರೆದಳು. ಪೂರ್ತಿ ಸುಳ್ಳೇನಲ್ಲ, ಮೂರು ಇದ್ದವಲ್ಲ. ಹೇಗಿದ್ದರೂ ಮತ್ತೆ ಗ್ಯಾಸು ಹಾಕುತ್ತಾರೆ, ಬಾಗಿಲಿಗೆ ಇನ್ನೊಂದು ಸುತ್ತು ಟೇಪು ಬೀಳುತ್ತದೆ, ಯಾರ ಗಂಟು ಹೋಗುತ್ತದೆ ಎಂದುಕೊಂಡಳು.

ಮಾರನೆಯ ದಿನ ಲಾರಿಗಳು ಹೊರಗೆ ಸಾಲು ನಿಂತಿದ್ದವು. ಬೇಗ, ಬೇಗ ಎಂದು ಮ್ಯಾನೇಜರ್. ಈಗ ರಾಶಿಯೆಲ್ಲ ಹುಳ, ಬದಿಯಿಂದ ತಳ್ಳುವ ನಾಲ್ಕು ಮಾತ್ರೆ ಸಾಲುತ್ತಿರಲಿಲ್ಲ. ಹೊಸದಾಗಿ ಹಾಳೆ ಹೊದಿಸುವಷ್ಟರಲ್ಲೇ ಮಾತ್ರೆ ಇಡಲು ಗಂಡ ರಾಶಿಯ ಮೇಲೆ ಹತ್ತಿದ್ದ. ಅವನ ಮುಖವಾಡದಲ್ಲಿ ವಿಷಗಾಳಿ ಸೋಸುವ ಡಬ್ಬಿಯ ಆಯಸ್ಸು ಮುಗಿದಿತ್ತು. ಮೇಲೆ ಹತ್ತಿದವನನ್ನು ಇಳಿಸಿ ತಂದರು. ಇಪ್ಪತ್ತಾರು ದಿನ ಹಾಕಿದ ಹೊಸ ಕನ್ನಡಕವನ್ನು ಕಾಗದದ ಕವರಿನಲ್ಲಿ ಅವಳ ಕೈಗೆ ಕೊಟ್ಟರು.

ಎರಡನೆಯ ಸಲ ಗ್ಯಾಸು ಯಾಕೆ ಬೇಕಾಯಿತು ಎಂದು ವಿಚಾರಣೆ ನಡೆಯಿತು. ಹುಳ ಎದ್ದಿತ್ತು. ಯಾವ ಹುಳ? ಹಿಟ್ಟುಹುಳ. ಎಲ್ಲಿಂದ ಬಂತು? ಗಿರಣಿಯ ಬಾಗಿಲಿಂದ. ಬಾಗಿಲಿಗೆ ಟೇಪು ಹಚ್ಚಿದವನು ಯಾರು? ಅಂಟಣ್ಣ. ಒಂದೇ ಕಾಗದದಲ್ಲಿ ಅವನ ಇಪ್ಪತ್ತು ವರ್ಷ ಮುಗಿಯಿತು. ಮುಖವಾಡದ ವಿಷಯ ಯಾರೂ ಎತ್ತಲಿಲ್ಲ. ಗಂಡನನ್ನು ಕಳೆದುಕೊಂಡವಳು ಬರೆದ ಫಾರಮನ್ನು ಅನುಮಾನಿಸುವಷ್ಟು ಕಟುಕರು ಅಲ್ಲಿರಲಿಲ್ಲ.

ಅವಳು ಮೊದಲ ವಾರ ನಿಜ ಹೇಳಲಿಲ್ಲ, ಬಾಯಿಯೇ ಬರಲಿಲ್ಲ. ಒಂದು ತಿಂಗಳ ನಂತರ, ಒಂದು ತಿಂಗಳು ಸುಮ್ಮನಿದ್ದೆನಲ್ಲ ಎಂದು ಮಾತಾಡಲಿಲ್ಲ. ಆಮೇಲೆ ತಿಂಗಳ ಮೇಲೆ ತಿಂಗಳು ಹೇರಿಕೊಂಡು ಹೋಯಿತು. ದಿನಾ ಬೆಳಿಗ್ಗೆ ಕೋಣೆಯ ಬೀಗ ತೆಗೆದು ಮೊದಲು ಆ ಸೀಸೆ ನೋಡುತ್ತಿದ್ದಳು. ಎರಡು ತಿಂಗಳಿಗೆ ಕಾಳಿನಲ್ಲಿ ತೂತುಗಳು ಕಂಡವು. ಆರು ತಿಂಗಳಿಗೆ ಗಾಜಿನ ಒಳಮೈಯಲ್ಲಿ ಕರಿ ಚುಕ್ಕೆಗಳು ಹತ್ತಿ ಇಳಿಯತೊಡಗಿದವು. ಈಗ ತಳದಲ್ಲಿ ಒಂದು ಬೆರಳು ದಪ್ಪ ದೂಳು. ಹೊರಗೆ ಅವಳದೇ ಗುಂಡು ಅಕ್ಷರದಲ್ಲಿ ಬರೆದ ಚೀಟಿ: ಜೀವಂತ ಹುಳ ಇಲ್ಲ.

ಬರುವ ಶನಿವಾರಕ್ಕೆ ಆ ಸೀಸೆಗೆ ವರ್ಷ ತುಂಬುತ್ತಿತ್ತು. ಒಲೆಗೆ ಸುರಿದರೆ ಕಥೆ ಮುಗಿದ ಹಾಗೆ. ಅವಳು ಶನಿವಾರಕ್ಕೆ ಕಾಯುತ್ತಿದ್ದಳು, ಸುಳ್ಳು ಯಾಕೆ ಹೇಳಬೇಕು.

ಬುಧವಾರ ಸಂಜೆ ಬಸ್ ನಿಲ್ದಾಣದಲ್ಲಿ ಅಂಟಣ್ಣ ನಿಂತಿದ್ದ. ಗೇಟಿನೊಳಗೆ ಅವನನ್ನು ಬಿಡುತ್ತಿರಲಿಲ್ಲ. ಯಾವುದೋ ಸಾಗಣೆ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆಗೆ ಟೇಪು ಹಚ್ಚುವ ಕೆಲಸ ಹಿಡಿದಿದ್ದ. ಮುಖ ಅರ್ಧವಾಗಿತ್ತು.

"ಅತ್ತಿಗೆ, ಶುಕ್ರವಾರ ನನ್ನ ಅರ್ಜಿ ಕೇಳ್ತಾರಂತೆ," ಎಂದ. "ಇನ್ನೊಂದು ಗೋದಾಮಿನವರು ತಗೋತೀವಿ ಅಂದಿದಾರೆ. ಇವರು ಒಂದು ಒಳ್ಳೆ ಮಾತು ಬರೆದುಕೊಟ್ರೆ ಸಾಕು."

"ಹೂಂ," ಎಂದಳು.

"ನೀವು ಬಂದು, ಇವನು ಕೆಲಸಗಳ್ಳ ಅಲ್ಲ ಅಂತ ಹೇಳ್ತೀರಾ? ತಪ್ಪು ಮಾಡಿಲ್ಲ ಅಂತ ಹೇಳೋದು ಬೇಡ. ತಪ್ಪು ಮಾಡಿದೀನಿ."

ಅವಳು ಅವನ ಮುಖ ನೋಡಿದಳು.

"ಆವತ್ತು ಕೆಳಗಿನ ಮೂಲೇಲೂ ಬೆರಳಾಡಿಸಿದೆ ಅಂತಲೇ ಅನ್ಕೊಂಡಿದ್ದೆ. ದಿನಾ ನೆನಪು ಮಾಡ್ಕೋತಾ ಮಾಡ್ಕೋತಾ ಈಗ ಆಡಿಸ್ಲಿಲ್ಲ ಅನ್ಸುತ್ತೆ. ಖಂಡಿತ ಬಿಟ್ಟಿದೀನಿ. ಇಲ್ದೇ ಇದ್ರೆ ಹುಳ ಎಲ್ಲಿಂದ ಬರ್ಬೇಕು ಹೇಳಿ?" ಎಂದು ಅವನು ಕೈ ನೋಡಿಕೊಂಡ. "ಅಣ್ಣನ್ನ ನನ್ನ ಬೆರಳೇ ತಿಂತು ಅತ್ತಿಗೆ."

ಅವನ ಬಲಗೈ ಹೆಬ್ಬೆರಳಿನ ಚರ್ಮ ಉದ್ದಕ್ಕೆ ಸೀಳಿ ಕಪ್ಪು ಹಕ್ಕಳೆ ಕಟ್ಟಿತ್ತು. ಪೆಟ್ಟಿಗೆಯ ರಟ್ಟು ಕೊಯ್ಯಿತೇ ಎಂದು ಕೇಳಿದಳು. ಅಲ್ಲವಂತೆ. ಮನೆಯ ಬಾಗಿಲು, ಕಿಟಕಿ, ಕಪಾಟು, ಎಲ್ಲಿ ಸಂದಿ ಕಂಡರೂ ಬೆರಳು ತಾನಾಗಿ ಹೋಗಿ ಉಜ್ಜುತ್ತದಂತೆ. ಹೆಂಡತಿ ಬಟ್ಟೆ ಸುತ್ತಿ ಕಟ್ಟಿದರೂ ಬಿಚ್ಚಿ ಉಜ್ಜುತ್ತಾನಂತೆ.

"ನೋಡೋಣ," ಎಂದಳು ಜರಡಿಯಮ್ಮ. ಬಸ್ಸು ಬಂತು, ಹತ್ತಿದಳು.

ಮನೆಯಲ್ಲಿ ಅತ್ತೆ ಹಿಟ್ಟು ಜರಡಿ ಹಿಡಿಯುತ್ತ, ದಿನದ ಹಾಗೆ ಅಂಟಣ್ಣನಿಗೆ ಶಾಪ ಹಾಕುತ್ತಿದ್ದಳು. "ನನ್ನ ಅನ್ನ ತಿಂದು ನನ್ನ ಮಗನ್ನೇ ತಿಂದ. ಅವನ ಕೈ ಬಿದ್ದು ಹೋಗ." ಹನ್ನೊಂದು ತಿಂಗಳು ಈ ಮಾತನ್ನು ಜರಡಿಯಮ್ಮ ಫ್ಯಾನಿನ ಸದ್ದಿನ ಹಾಗೆ ಕೇಳಿದ್ದಳು. ಆವತ್ತು, ಆ ಕೈ ನಿಜವಾಗಿ ಬೀಳುತ್ತಿದೆ ಎಂದು ಅತ್ತೆಗೆ ಹೇಳಬೇಕೆನಿಸಿತು. ಊಟ ಮಾಡಿ ತಟ್ಟೆ ತೊಳೆದಿಟ್ಟಳು.

ಶುಕ್ರವಾರ ಬೆಳಿಗ್ಗೆ ಕೋಣೆಯ ಬೀಗ ತೆಗೆದು ಆ ಸೀಸೆ ನೋಡಿದಳು. ಯೋಚನೆ ಏನೂ ಮಾಡಲಿಲ್ಲ. ಪ್ರತಿಜ್ಞೆ ಪಾಪಪ್ರಜ್ಞೆ ಎಂಥದ್ದೂ ಇಲ್ಲ. ಆ ಹೆಬ್ಬೆರಳು ಕಣ್ಣ ಮುಂದಿತ್ತು, ಅಷ್ಟೇ. ಸೀಸೆ, ಬಿಳಿ ತಟ್ಟೆ, ಕತ್ತು ಬಗ್ಗಿಸಿದ ದೀಪ ಮೂರನ್ನೂ ಎತ್ತಿಕೊಂಡು ಮೇಲಿನ ಮಹಡಿಗೆ ಹೋದಳು.

ಅಲ್ಲಿ ಉದ್ದ ಮೇಜಿನ ಹಿಂದೆ ಮ್ಯಾನೇಜರ್, ಅವನ ಪಕ್ಕ ಕಚೇರಿಯಿಂದ ಬಂದ ಒಬ್ಬ ಹೆಂಗಸು ಅಧಿಕಾರಿ. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಅಂಟಣ್ಣ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಬನ್ನಿ ಅಮ್ಮ," ಎಂದ ಮ್ಯಾನೇಜರ್, ಅವಳ ಮುಂದೆ ಮಾತ್ರ ತೆಗೆಯುವ ಮೆತ್ತನೆಯ ದನಿಯಲ್ಲಿ. "ಇವನ ಪರವಾಗಿ ನೀವು ಬಂದಿದ್ದೇ ದೊಡ್ಡದು. ಇದೇನು, ದೀಪ ಎಲ್ಲ ಹೊತ್ಕೊಂಡು?"

ಅವಳು ದೀಪದ ತಂತಿಯನ್ನು ಗೋಡೆಗೆ ಚುಚ್ಚಿದಳು. ಸೀಸೆಯ ಚೀಟಿಯನ್ನು ಅಧಿಕಾರಿಗೆ ಓದಲು ಕೊಟ್ಟಳು. ದಿನಾಂಕ, ರಾಶಿಯ ಸಂಖ್ಯೆ, ಜೀವಂತ ಹುಳ ಇಲ್ಲ. ಮುದ್ರೆ ಒಡೆದಿಲ್ಲ ಎಂದು ತೋರಿಸಿದಳು. ಆಮೇಲೆ ಒಡೆದು ತಟ್ಟೆಗೆ ಸುರಿದಳು. ತೂತು ಬಿದ್ದ ಕಾಳು, ಬೂದಿಯಂಥ ದೂಳು, ಅದರ ನಡುವೆ ಐವತ್ತೋ ಅರವತ್ತೋ ಮೂತಿಹುಳ. ಕುಲುಕಿದ ರಭಸಕ್ಕೆ ಎಲ್ಲವೂ ಕಾಲು ಮಡಚಿ ಬೋರಲು ಬಿದ್ದಿದ್ದವು.

ಮ್ಯಾನೇಜರ್ ಬಗ್ಗಿ ನೋಡಿದ. "ಎಲ್ಲ ಸತ್ತಿವೆಯಲ್ಲ. ನೀವು ಬರೆದಿರೋದೂ ಅದೇ."

"ಸತ್ತಿಲ್ಲ ಸಾರ್. ಹತ್ತು ನಿಮಿಷ ಕಾಯ್ಬೇಕು," ಎಂದಳು. "ಆವತ್ತು ನಾನು ಕಾಯ್ಲಿಲ್ಲ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐದು. ಹೇಳಬೇಕಾದದ್ದನ್ನು ಹೇಳಲು ಅವಳಿಗೆ ಮೂರು ನಿಮಿಷವೂ ಬೇಕಾಗಲಿಲ್ಲ. ನಾಲ್ಕು ಹುಳ ಇದ್ದದ್ದು, ತಾನು ಕಾಯದೆ ಬರೆದದ್ದು. ಮೂವತ್ತು ಮೂತಿಹುಳ ಕಂಡು, ಮೂರು ಹಿಟ್ಟುಹುಳದ ಹೆಸರು ಬರೆದದ್ದು. ಹಿಟ್ಟುಹುಳ ಬಾಗಿಲಿಂದ ಬರುತ್ತದೆ, ಮೂತಿಹುಳ ಕಾಳಿನೊಳಗಿಂದ ಬರುತ್ತದೆ, ಮುದ್ರೆ ಹಾಕಿದ ಸೀಸೆಯೊಳಗೆ ಯಾವ ಬಾಗಿಲೂ ಇಲ್ಲ. ದನಿ ಏರಲಿಲ್ಲ, ಇಳಿಯಲಿಲ್ಲ. ಫಾರಂ ಓದುವ ಹಾಗೆ ಹೇಳಿ ನಿಲ್ಲಿಸಿದಳು.

ಇನ್ನೂ ಏಳು ನಿಮಿಷ ಉಳಿದಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. ಜರಡಿಯಮ್ಮ ಗಡಿಯಾರದ ಮುಳ್ಳು ನೋಡುತ್ತ ನಿಂತಿದ್ದಳು. ಹತ್ತು ನಿಮಿಷ ಎಷ್ಟು ಸಣ್ಣದು ಎಂದು ಅವಳಿಗೆ ಆಶ್ಚರ್ಯವಾಯಿತು. ಒಂದು ಲೋಟ ಕಾಫಿ ಆರುವುದಿಲ್ಲ ಅಷ್ಟರಲ್ಲಿ. ಕನ್ನಡಕದಂಗಡಿಯ ಬೆಂಚಿನ ಮೇಲೆ ಇಂಥ ನಾಲ್ಕು ಹತ್ತು ನಿಮಿಷಗಳನ್ನು ನಗುತ್ತ ಕಳೆದಿದ್ದರು.

ಹನ್ನೊಂದೂ ಹನ್ನೆರಡಕ್ಕೆ ತಟ್ಟೆಯ ಅಂಚಿನ ಒಂದು ಹುಳ ಒಂದು ಕಾಲು ಬಿಚ್ಚಿತು. ಆಮೇಲೆ ಇನ್ನೊಂದು. ಹನ್ನೊಂದೂ ಹದಿನೈದಾಗುವಾಗ ಬಿಳಿ ತಟ್ಟೆಯ ತುಂಬ ನಡಿಗೆ.

ಅಂಟಣ್ಣ ಯಾವಾಗಲೋ ಎದ್ದು ಬಂದು ಮೇಜಿನ ಹತ್ತಿರ ನಿಂತಿದ್ದ. "ಹಾಗಾದ್ರೆ ನನ್ನ ಬಾಗಿಲು?" ಎಂದು ಕೇಳಿದ.

"ನಿನ್ನ ಬಾಗಿಲು ಸರಿಯಾಗಿತ್ತು."

"ಕೆಳಗಿನ ಮೂಲೆ?"

"ಅದೂ ಸರಿಯಾಗಿತ್ತು."

ಅವನು ಅವಳ ಮುಖ ನೋಡಲಿಲ್ಲ. ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಹೊರಗೆ ಹೋದ. ಅಣ್ಣನ ಹೆಂಡತಿ ಎಂದು ಇಪ್ಪತ್ತು ವರ್ಷ ಎದ್ದು ನಿಂತು ಮಾತಾಡಿಸುತ್ತಿದ್ದವನು ಬರುತ್ತೇನೆ ಎಂದೂ ಹೇಳಲಿಲ್ಲ. ಅದು ನ್ಯಾಯವೇ ಎಂದು ಅವಳಿಗೆ ಅನ್ನಿಸಿತು. ಕೋಣೆಯ ಬೀಗದ ಕೈಯನ್ನು ಅವರು ಕೇಳುವ ಮೊದಲೇ ಮೇಜಿನ ಮೇಲಿಟ್ಟಳು.

ಮಧ್ಯಾಹ್ನ ಎರಡಕ್ಕೆ ಮನೆ ಸೇರಿದಾಗ ಅತ್ತೆ ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಇಷ್ಟು ಬೇಗ ಯಾಕೆ? ಹುಷಾರಿಲ್ವಾ?"

ಸೊಸೆ ಎದುರಿಗೆ ಕೂತಳು. ಮೇಲಿನ ಮಹಡಿಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು, ಈ ಸಲ ಹಾರನ್ ಕೂಡ ಸೇರಿಸಿ. ಅತ್ತೆಯ ಕೈಯಲ್ಲಿ ಜರಡಿ ನಿಂತಿತು. ಬೈಯುತ್ತಾಳೆ, ಹೊಡೆಯುತ್ತಾಳೆ, ಮನೆ ಬಿಟ್ಟು ನಡಿ ಎನ್ನುತ್ತಾಳೆ ಎಂದು ಜರಡಿಯಮ್ಮ ಕಾದಳು. ಹೊಡೆದರೂ ತನಗೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನವೂ ಇತ್ತು.

ಅತ್ತೆ ಕೇಳಿದಳು, "ಎಷ್ಟು ಸಲ ಹೊಡ್ದ?"

"ಏನು?"

"ಹಾರನ್ನು."

"ಎರಡು ಸಲ."

"ನೀನು ಅವಸರ ಮಾಡ್ತಿದಾನೆ ಅನ್ಕೊಂಡ್ಯಾ?"

"ಹೂಂ."

ಅತ್ತೆ ಜರಡಿಯನ್ನು ಪಕ್ಕಕ್ಕಿಟ್ಟಳು. "ಅವಸರ ಇದ್ರೆ ಅವನು ಹಾರನ್ ಹೊಡೀತಾನಾ? ಸೈಕಲ್ ಬೆಲ್ಲಿನ ಕಾಲದಿಂದ ಕೇಳಿದೀನಿ ನಾನು. ಅವಸರ ಇದ್ರೆ ಗಾಡಿ ಬಿಸಾಕಿ ಒಳಗೇ ನುಗ್ತಿದ್ದ. ಎರಡು ಸಲ ಹೊಡೆದ್ರೆ ಏನು ಗೊತ್ತಾ? ಬಂದಿದೀನಿ, ಇಲ್ಲೇ ಇರ್ತೀನಿ, ಕೆಲ್ಸ ಮುಗಿಸ್ಕೊಂಡು ನಿಧಾನವಾಗಿ ಬನ್ನಿ ಅಂತ. ಇಪ್ಪತ್ತೆರಡು ವರ್ಷ ಅವನ ಜೊತೆ ಬಾಳಿದೀಯ, ಇಷ್ಟೂ ಗೊತ್ತಾಗ್ಲಿಲ್ವಾ ನಿಂಗೆ?"

ಅಷ್ಟು ಹೇಳಿ ಮುದುಕಿ ಗೋಡೆಯ ಕಡೆ ತಿರುಗಿ ಕೂತಳು. ಜರಡಿಯಮ್ಮ ಹಿಟ್ಟಿನ ಮೊರದ ಮುಂದೆ ಕೂತಲ್ಲೇ ಕೂತಿದ್ದಳು. ಮೊದಲು ನಾಲಿಗೆ ಉರಿಯಿತು, ಬೆಳಿಗ್ಗೆ ಕುಡಿದ ಕಾಫಿಯದು. ಆಮೇಲೆ ಎದೆ, ಆಮೇಲೆ ಕಣ್ಣು. ಹನ್ನೊಂದು ತಿಂಗಳ ನಂತರ ಅವಳು ಅತ್ತಳು, ಅತ್ತೆಯ ಬೆನ್ನು ನೋಡುತ್ತ, ಬಾಯಿಗೆ ಸೆರಗು ಕೂಡ ಅಡ್ಡ ಹಿಡಿಯದೆ.